ಐದಕ್ಕೆ ಐದೂ ಎಂಐಟಿ

ಒಟ್ಟು 120 ಅಂಕದ ಒಂದು ಪರೀಕ್ಷೆ. ಬರೆಯುವವರೆಲ್ಲ ಗಣಿತ ಅಂದರೆ ಊಟ ನಿದ್ದೆ ಬಿಡುವ ಕಾಲೇಜು ಹುಡುಗ ಹುಡುಗಿಯರು. ಅವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ, ಸರಿಯಾಗಿ ನಡುವೆ ನಿಂತವರಿಗೆ ಎಷ್ಟು ಬಂದಿದೆ ಅಂತ ಕೇಳಿದರೆ, ಹಲವು ವರ್ಷ ಸಿಗುವ ಉತ್ತರ: ಒಂದು. ನೂರಾ ಒಂದಲ್ಲ, ಬರೀ ಒಂದು. ಕೆಲವು ವರ್ಷ ಅದೂ ಇಲ್ಲ, ಸೊನ್ನೆ.

ಇದರ ಹೆಸರು ಪುಟ್ನಮ್ ಗಣಿತ ಸ್ಪರ್ಧೆ. ಅಮೆರಿಕ, ಕೆನಡಾದ ಕಾಲೇಜುಗಳಲ್ಲಿ ಡಿಗ್ರಿ ಓದುತ್ತಿರುವವರು ಬರೆಯುತ್ತಾರೆ. ಡಿಸೆಂಬರಿನ ಮೊದಲ ಶನಿವಾರ ಬೆಳಿಗ್ಗೆ ಮೂರು ಗಂಟೆ, ಊಟ ಆದಮೇಲೆ ಮೂರು ಗಂಟೆ. ಒಂದೊಂದು ಹೊತ್ತಿಗೆ ಆರಾರು ಪ್ರಶ್ನೆ, ಒಂದೊಂದಕ್ಕೆ ಹತ್ತತ್ತು ಅಂಕ. ಉತ್ತರ ಬರೆದರೆ ಸಾಲದು, ಅದು ಯಾಕೆ ಸರಿ ಅಂತ ಸಾಧಿಸಿ ತೋರಿಸಬೇಕು. ‘ಸ್ಟೆಪ್ಸ್‌ಗೆ ಮಾರ್ಕ್ಸ್ ಕೊಡ್ತಾರೆ, ಏನಾದ್ರೂ ಬರೆದು ಬಾ’ ಅಂತ ಪರೀಕ್ಷೆಗೆ ಹೊರಟ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಹೇಳ್ತಾರಲ್ಲ, ಆ ಮಾತು ಇಲ್ಲಿ ನಡೆಯೋದಿಲ್ಲ. ಹತ್ತಕ್ಕೆ ಸಾಮಾನ್ಯವಾಗಿ ಸಿಗೋದು ಸೊನ್ನೆ, ಒಂದು, ಎರಡು. ಇಲ್ಲಾಂದ್ರೆ ಎಂಟು, ಒಂಬತ್ತು, ಹತ್ತು. ನಡುವಿನ ಐದು, ಆರು ಕಾಣಸಿಗೋದೇ ಅಪರೂಪ. ನಮ್ಮ ಕೋಡ್ ಥರಾನೇ. ಓಡುತ್ತೆ, ಇಲ್ಲಾ ಓಡಲ್ಲ.

2024ರಲ್ಲಿ ಸುಮಾರು 4000 ಜನ ಇದನ್ನು ಬರೆದರು, 470ಕ್ಕೂ ಹೆಚ್ಚು ಕಾಲೇಜುಗಳಿಂದ. ಮೊದಲ ಐದು ಸ್ಥಾನ ಪಡೆದವರನ್ನು ಪುಟ್ನಮ್ ಫೆಲೋ ಅಂತ ಕರೀತಾರೆ, ತಲಾ 2500 ಡಾಲರ್ ಬಹುಮಾನ. ಆ ಐದೂ ಜನ ಎಂಐಟಿಯವರು. ಹಿಂದಿನ ವರ್ಷ, ಅಂದರೆ 2023ರಲ್ಲೂ ಐದಕ್ಕೆ ಐದೂ ಎಂಐಟಿ. ಮೊದಲ ನೂರು ಜನರ ಪಟ್ಟಿ ತೆಗೆದರೆ ಅರ್ಧಕ್ಕಿಂತ ಹೆಚ್ಚು ಹೆಸರು ಅದೇ ಕಾಲೇಜಿನವು. ತಂಡದ ಬಹುಮಾನದ ಕತೆಯೂ ಅಷ್ಟೇ: 2019ರಿಂದ 2024ರವರೆಗೆ, ಕೋವಿಡ್‌ನಿಂದಾಗಿ ಅನಧಿಕೃತವಾಗಿ ನಡೆದ 2020ರ ಪರೀಕ್ಷೆ ಬಿಟ್ಟರೆ, ಎಲ್ಲಾ ವರ್ಷ ಎಂಐಟಿ.

ಐಪಿಎಲ್‌ನಲ್ಲಿ ಹೀಗಾಗಿದ್ದರೆ ನಾವು ಟಿವಿ ಆಫ್ ಮಾಡಿ ಮಲಗ್ತಿದ್ವಿ.

ಕ್ಯಾಂಟೀನಿನಲ್ಲಿ ಈ ವಿಷಯ ಎತ್ತಿದರೆ ಎರಡು ಉತ್ತರ ಬರುತ್ತವೆ. ‘ಅಲ್ಲಿಗೆ ಹೋಗೋರೇ ಬುದ್ಧಿವಂತರು ಬಿಡಪ್ಪ’ ಅನ್ನೋದು ಒಂದು. ‘ಅಲ್ಲಿ ಕಲಿಸೋದೇ ಹಂಗೆ’ ಅನ್ನೋದು ಇನ್ನೊಂದು. ಎರಡೂ ಒಂದೇ ಮಾತಿನ ಥರ ಕೇಳಿಸುತ್ತವೆ, ಆದರೆ ಅಜಗಜಾಂತರ ಇದೆ. ಮೊದಲನೆಯದು ಗೇಟಿನ ಬಗ್ಗೆ, ಎರಡನೆಯದು ಗೇಟಿನ ಒಳಗೆ ನಡೆಯೋದರ ಬಗ್ಗೆ. ರೆಸ್ಯೂಮೆಯಲ್ಲಿ ಕಾಲೇಜಿನ ಹೆಸರು ನೋಡಿ ಮನುಷ್ಯರನ್ನು ಅಳೆಯುವ ಕಸುಬಿನಲ್ಲಿ ನಾವೆಲ್ಲ ಇದ್ದೇವೆ, ಅಳೆಸಿಕೊಂಡೂ ಇದ್ದೇವೆ. ಹಾಗಾಗಿ ಇವೆರಡನ್ನು ಬಿಡಿಸಿ ನೋಡೋದು ವ್ಯರ್ಥ ಅಲ್ಲ ಅನ್ನಿಸುತ್ತೆ.

ಮೊದಲು ಪ್ರಶ್ನೆಗಳು ಹೇಗಿರುತ್ತವೆ ಅಂತ ನೋಡೋಣ. ಹೆದರಬೇಡಿ, ಕ್ಯಾಲ್ಕುಲಸ್ ಇಲ್ಲ. 2002ರ ಪತ್ರಿಕೆಯದ್ದು ಇದು. ಒಂದು ಗೋಳದ ಮೇಲೆ ಎಲ್ಲಿ ಬೇಕಾದರೂ ಐದು ಚುಕ್ಕೆ ಇಡಿ. ಅವುಗಳಲ್ಲಿ ಕನಿಷ್ಠ ನಾಲ್ಕು ಚುಕ್ಕೆ ಇರುವಂಥ ಒಂದು ಅರ್ಧಗೋಳ ಇದ್ದೇ ಇರುತ್ತದೆ ಅಂತ ಸಾಧಿಸಬೇಕು. ಅರ್ಧಗೋಳದ ಅಂಚಿನ ಮೇಲೆ ಬಿದ್ದ ಚುಕ್ಕೆಯೂ ಲೆಕ್ಕಕ್ಕೆ ಸೇರುತ್ತೆ.

ಮನೆಯಲ್ಲಿ ಮೂಸಂಬಿ ಇದ್ದರೆ ತಗೊಳ್ಳಿ, ಸ್ಕೆಚ್ ಪೆನ್ನಲ್ಲಿ ಐದು ಚುಕ್ಕೆ ಹಾಕಿ. ಯಾವುದಾದರೂ ಎರಡು ಚುಕ್ಕೆ ಆರಿಸಿಕೊಳ್ಳಿ. ಆ ಎರಡರ ಮೇಲೂ ಹಾದುಹೋಗುವ ಹಾಗೆ, ಹಣ್ಣು ಸರಿಯಾಗಿ ಎರಡು ಸಮ ಹೋಳಾಗುವ ಹಾಗೆ ಚಾಕು ಹಾಕಿ. ಆರಿಸಿದ ಎರಡು ಚುಕ್ಕೆ ಕತ್ತರಿಸಿದ ಅಂಚಿನಲ್ಲೇ ಇವೆ, ಅಂದರೆ ಎರಡೂ ಹೋಳಿಗೆ ಸೇರಿದವು. ಉಳಿದ ಮೂರು ಚುಕ್ಕೆ ಎರಡು ಹೋಳಿಗೆ ಹಂಚಿಹೋಗಬೇಕು. ಹೇಗೆ ಹಂಚಿದರೂ ಒಂದು ಹೋಳಿಗೆ ಕನಿಷ್ಠ ಎರಡು ಬೀಳಲೇಬೇಕು. ಅಂಚಿನವು ಎರಡು, ಇವು ಎರಡು. ನಾಲ್ಕು. ಮುಗೀತು, ಹತ್ತು ಅಂಕ.

ಉತ್ತರ ಕೇಳಿದ ಮೇಲೆ ‘ಅಯ್ಯೋ ಇಷ್ಟೇನಾ’ ಅನ್ನಿಸುತ್ತೆ. ಕೇಳುವ ಮೊದಲು? ಹಾಲ್‌ನಲ್ಲಿ ಕೂತು, ಗಡಿಯಾರ ಓಡ್ತಿರುವಾಗ? ಸಾಮಾನ್ಯ ಇಂಜಿನಿಯರಿಂಗ್ ತಲೆ ಮೊದಲು ಮಾಡೋ ಕೆಲಸ ಎಕ್ಸ್, ವೈ, ಝಡ್ ಅಂತ ಬರೆದು ಸಮೀಕರಣ ಹೂಡೋದು. ಅರ್ಧ ಗಂಟೆ ಅಲ್ಲೇ ಹೋಯಿತು. ಮೂರು ವಸ್ತು ಎರಡು ಡಬ್ಬಿಗೆ ಹಾಕಿದರೆ ಒಂದು ಡಬ್ಬಿಯಲ್ಲಿ ಎರಡು ಇರಲೇಬೇಕು ಅನ್ನೋ ಪಾರಿವಾಳದ ಗೂಡಿನ ತತ್ವ ಮಗುವಿಗೂ ಗೊತ್ತು. ಆದರೆ ಅದನ್ನು ಇಲ್ಲಿ ಬಳಸಬೇಕು, ಅದಕ್ಕೂ ಮೊದಲು ಎರಡು ಚುಕ್ಕೆಯನ್ನು ಬೇಕೆಂದೇ ಅಂಚಿಗೆ ತಂದು ಕೂರಿಸಬೇಕು ಅಂತ ಹೊಳೆಯೋದು, ಇಂಥ ನೂರಾರು ಪ್ರಶ್ನೆಗಳ ಜೊತೆ ಒದ್ದಾಡಿದವರಿಗೆ. ಈ ಒದ್ದಾಟ ಕಾಲೇಜಿನ ಸಿಲಬಸ್‌ನಲ್ಲಿ ಇರೋದಿಲ್ಲ. ಎಂಐಟಿಯ ಸಿಲಬಸ್‌ನಲ್ಲೂ ಬಹುಮಟ್ಟಿಗೆ ಇಲ್ಲ. ಅದು ನಡೆಯೋದು ಹೈಸ್ಕೂಲಿನಲ್ಲಿ, ಅದಕ್ಕೂ ಮುಂಚೆ.

ಅಮೆರಿಕದಲ್ಲಿ ಇದಕ್ಕೆ ಒಂದು ದೊಡ್ಡ ಏಣಿಯೇ ಇದೆ. ಮಿಡ್ಲ್ ಸ್ಕೂಲಿನಲ್ಲಿ ಮ್ಯಾಥ್‌ಕೌಂಟ್ಸ್. ಆಮೇಲೆ ಹಂತಹಂತವಾಗಿ ಸೋಸುವ ರಾಷ್ಟ್ರಮಟ್ಟದ ಪರೀಕ್ಷೆಗಳು. ಕೊನೆಗೆ ಉಳಿದ ಕೆಲವೇ ಜನರಿಗೆ ಬೇಸಿಗೆ ಶಿಬಿರ, ಅದರಿಂದ ಆರು ಜನರ ಒಲಿಂಪಿಯಾಡ್ ತಂಡ. ಜೊತೆಗೆ ಆರ್ಟ್ ಆಫ್ ಪ್ರಾಬ್ಲಂ ಸಾಲ್ವಿಂಗ್‌ನಂಥ ಪುಸ್ತಕ, ಆನ್‌ಲೈನ್ ಕ್ಲಾಸುಗಳು. ರೀಡ್ ಬಾರ್ಟನ್ ಅನ್ನೋ ಹುಡುಗ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ 1998ರಿಂದ 2001ರವರೆಗೆ ನಾಲ್ಕು ಚಿನ್ನ ಗೆದ್ದ. ಹಾಗೆ ಗೆದ್ದವರಲ್ಲಿ ಅವನೇ ಮೊದಲಿಗ. ಆಮೇಲೆ ಎಂಐಟಿ ಸೇರಿ 2001ರಿಂದ 2004ರವರೆಗೆ ನಾಲ್ಕೂ ಸಲ ಪುಟ್ನಮ್ ಫೆಲೋ. ಈಗ ಹೇಳಿ, ಆ ನಾಲ್ಕು ಗೆಲುವಿನಲ್ಲಿ ಎಂಐಟಿಯ ಪಾಲೆಷ್ಟು? ಮೊದಲನೇ ಪುಟ್ನಮ್ ಬರೆಯುವಾಗ ಅವನು ಕಾಲೇಜಿಗೆ ಕಾಲಿಟ್ಟು ಮೂರು ತಿಂಗಳಾಗಿತ್ತು ಅಷ್ಟೇ.

ನಮ್ಮೂರಿನ ಉದಾಹರಣೆಯೂ ಇದೆ. ಬೆಂಗಳೂರಿನ ಪ್ರಾಂಜಲ್ ಶ್ರೀವಾಸ್ತವ 2019, 2021, 2022ರ ಒಲಿಂಪಿಯಾಡ್‌ಗಳಲ್ಲಿ ಮೂರು ಚಿನ್ನ ಗೆದ್ದ. ಭಾರತದವರು ಅಷ್ಟು ಗೆದ್ದಿದ್ದು ಅದೇ ಮೊದಲು. ಮುಂದೆ ಓದಲು ಹೋಗಿದ್ದು ಎಂಐಟಿಗೆ. ಈ ಮಟ್ಟಕ್ಕೆ ಬರೋದಕ್ಕೆ ಇಲ್ಲಿ ನೆಲ ಹದ ಮಾಡಿದವರು ಬೇರೆ ಇದ್ದಾರೆ ಅನ್ನೋದನ್ನ ಮರೆಯಬಾರದು. ಐಐಎಸ್ಸಿಯಲ್ಲಿ ಕೂತು ವರ್ಷಗಟ್ಟಲೆ ಒಲಿಂಪಿಯಾಡ್ ಕೆಲಸ ಮಾಡಿದ ಸಿ. ಆರ್. ಪ್ರಾಣೇಶಾಚಾರ್, ಬಿ. ಜೆ. ವೆಂಕಟಾಚಲ ಮುಂತಾದವರು ಸೇರಿ ಬರೆದ ‘ಚಾಲೆಂಜ್ ಅಂಡ್ ಥ್ರಿಲ್ ಆಫ್ ಪ್ರಿ-ಕಾಲೇಜ್ ಮ್ಯಾಥಮ್ಯಾಟಿಕ್ಸ್’ ಪುಸ್ತಕವನ್ನು ದೇಶದ ಎಷ್ಟೋ ಒಲಿಂಪಿಯಾಡ್ ಮಕ್ಕಳು ಓದಿದ್ದಾರೆ. ಹದಗೊಳಿಸಿದ ನೆಲ ಎಲ್ಲೋ, ಫಸಲು ಲೆಕ್ಕಕ್ಕೆ ಬರೋದು ಇನ್ನೆಲ್ಲೋ. ಎಂಐಟಿ ವಿದೇಶಿ ವಿದ್ಯಾರ್ಥಿಗಳನ್ನೂ ಮನೆಯವರ ಹಣಕಾಸು ನೋಡದೆ ಆರಿಸುತ್ತೆ, ಆಯ್ಕೆಯಾದವರಿಗೆ ಅಗತ್ಯದಷ್ಟು ನೆರವು ಕೊಡುತ್ತೆ. ಹಾಗಿದ್ದ ಮೇಲೆ ಜಗತ್ತಿನ ಹದಿನೆಂಟರ ಗಣಿತಪ್ರಿಯರು ಬೇರೆ ಕಡೆ ಯಾಕೆ ಹೋಗಬೇಕು?

ಹಾಗಂತ ಒಳಗೆ ಏನೂ ನಡೆಯೋದಿಲ್ಲ ಅಂತ ಅಲ್ಲ. ಎಂಐಟಿಯಲ್ಲಿ ಮೊದಲ ವರ್ಷದವರಿಗೆ ಪ್ರಾಬ್ಲಂ ಸಾಲ್ವಿಂಗ್ ಸೆಮಿನಾರ್ ಒಂದಿದೆ. ಈಚಿನ ವರ್ಷಗಳಲ್ಲಿ ಅದನ್ನು ನಡೆಸಿಕೊಂಡು ಬಂದವರು ಯುಫೇ ಝಾವ್. ಅದೇ ಎಂಐಟಿಯಲ್ಲಿ ಓದುವಾಗ ಮೂರು ಸಲ ಪುಟ್ನಮ್ ಫೆಲೋ ಆಗಿದ್ದವರು. ಅದಕ್ಕಿಂತ ದೊಡ್ಡದು ಅಕ್ಕಪಕ್ಕದ ರೂಮಿನವರು. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿ ‘ಇದು ನೋಡೋ, ಎಲ್ಲಿ ಸಿಕ್ಕಿಹಾಕಿಕೊಂಡಿದೆ’ ಅಂತ ಕೇಳಬಹುದಾದ ಜನ ಇಡೀ ಕಾರಿಡಾರಿನಲ್ಲಿ ಇದ್ದಾರೆ. ಸಣ್ಣ ಊರಿನ ಕಾಲೇಜಿನಲ್ಲಿ ಅಂಥ ಒಬ್ಬ ಸಿಕ್ಕರೆ ಪುಣ್ಯ. ಟೆಕ್ಸ್ಟ್‌ಬುಕ್ ಎಲ್ಲಾ ಕಡೆ ಒಂದೇ, ಕಾರಿಡಾರ್ ಒಂದೇ ಅಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು.

ವಿಲಿಯಂ ಲೋವೆಲ್ ಪುಟ್ನಮ್ ಅನ್ನೋರು ಹಾರ್ವರ್ಡಿನಲ್ಲಿ ಓದಿದವರು. ಕಾಲೇಜುಗಳು ಆಟದಲ್ಲಿ ತಂಡ ಕಟ್ಟಿ ಸೆಣಸುವ ಹಾಗೆ ಓದಿನಲ್ಲೂ ಯಾಕೆ ಸೆಣಸಬಾರದು ಅಂತ 1921ರಲ್ಲಿ ಲೇಖನ ಬರೆದರು. ಅವರು ತೀರಿಕೊಂಡ ಮೇಲೆ ಹೆಂಡತಿ ಎಲಿಜಬೆತ್ 1927ರಲ್ಲಿ ಅದಕ್ಕಾಗಿ ನಿಧಿ ಇಟ್ಟರು. 1933ರಲ್ಲಿ ಗಣಿತದ ಒಂದು ಪಂದ್ಯ ನಡೀತು: ಹಾರ್ವರ್ಡಿನ ಹತ್ತು ಜನ, ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಯ ಹತ್ತು ಜನ. ಗೆದ್ದವರು ಮಿಲಿಟರಿಯವರು! ಈಗಿನ ರೂಪದ ಸ್ಪರ್ಧೆ ಶುರುವಾಗಿದ್ದು 1938ರಲ್ಲಿ. ಮೊದಲ ಸಲ ಗೆದ್ದಿದ್ದು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯ. 1939ರಲ್ಲಿ ಮೊದಲ ಸ್ಥಾನ ಬ್ರೂಕ್ಲಿನ್ ಕಾಲೇಜಿಗೆ, ಎರಡನೇ ಸ್ಥಾನ ಎಂಐಟಿಗೆ, ಮೂರನೇ ಸ್ಥಾನ ಮಿಸಿಸಿಪಿಯ ಒಂದು ಮಹಿಳಾ ಕಾಲೇಜಿಗೆ. ಆ ವರ್ಷ ಎಂಐಟಿಯಿಂದ ಫೆಲೋ ಆದವರಲ್ಲಿ ರಿಚರ್ಡ್ ಫೈನ್‌ಮನ್ ಇದ್ದರು, ಮುಂದೆ ನೊಬೆಲ್ ಪಡೆದ ಅದೇ ಫೈನ್‌ಮನ್. ಅಂಥವರು ಇದ್ದ ಕಾಲೇಜನ್ನು ಹಿಂದೆ ಹಾಕಿದ ಬ್ರೂಕ್ಲಿನ್ ಕಾಲೇಜು 1941ರಲ್ಲಿ ಮತ್ತೆ ಗೆದ್ದಿತು.

ಯಾವುದಪ್ಪಾ ಈ ಬ್ರೂಕ್ಲಿನ್ ಕಾಲೇಜು? 1930ರಲ್ಲಿ ಶುರುವಾದ, ನ್ಯೂಯಾರ್ಕ್ ನಗರದವರು ನಡೆಸುತ್ತಿದ್ದ ಸರ್ಕಾರಿ ಕಾಲೇಜು. ಆಗ ಫೀಸ್ ಇರಲಿಲ್ಲ. ಅಲ್ಲಿ ಓದುತ್ತಿದ್ದವರಲ್ಲಿ ಬಹಳ ಜನ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಅವರಲ್ಲಿ ಜಾಣರು ಹಾರ್ವರ್ಡಿಗೆ ಯಾಕೆ ಹೋಗಲಿಲ್ಲ? ದುಡ್ಡು ಒಂದು ಕಾರಣ. ಇನ್ನೊಂದು, ಬೇಡ ಅಂದವರು ಇದ್ದರು. ಹಾರ್ವರ್ಡಿನ ಅಧ್ಯಕ್ಷ ಲಾರೆನ್ಸ್ ಲೋವೆಲ್ 1922ರಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಬೇಕು ಅಂತ ಹೊರಟಿದ್ದರು. ಅಧ್ಯಾಪಕರು ಬಹಿರಂಗ ಕೋಟಾಗೆ ಒಪ್ಪಲಿಲ್ಲ. ಆಮೇಲೆ ‘ವ್ಯಕ್ತಿತ್ವ’ ನೋಡಿ ಸೇರಿಸಿಕೊಳ್ಳುತ್ತೇವೆ ಅನ್ನೋ ನಯವಾದ ದಾರಿಯಲ್ಲಿ ಅದೇ ಕೆಲಸ ಆಯಿತು. ಫೈನ್‌ಮನ್‌ಗೂ ಕೊಲಂಬಿಯಾದಲ್ಲಿ ಇಂಥದ್ದೇ ಕೋಟಾದಿಂದ ಸೀಟು ತಪ್ಪಿತ್ತು.

ಲಾರೆನ್ಸ್ ಲೋವೆಲ್ ಯಾರು ಗೊತ್ತಾ? ಸ್ಪರ್ಧೆಗೆ ದುಡ್ಡಿಟ್ಟ ಎಲಿಜಬೆತ್ ಪುಟ್ನಮ್ ಅವರ ಅಣ್ಣ. ಅಣ್ಣ ಗೇಟು ಹಾಕಿದ, ತಂಗಿ ಇಟ್ಟ ದುಡ್ಡಿನ ಸ್ಪರ್ಧೆಯಲ್ಲಿ ಗೇಟಿನ ಹೊರಗಿದ್ದ ಮಕ್ಕಳು ಬಂದು ಗೆದ್ದರು. (ಇನ್ನೊಬ್ಬ ಅಣ್ಣ ಪರ್ಸಿವಲ್ ಲೋವೆಲ್, ಮಂಗಳ ಗ್ರಹದಲ್ಲಿ ಕಾಲುವೆಗಳಿವೆ ಅಂತ ದೂರದರ್ಶಕ ಹಿಡಿದು ಕೂತಿದ್ದವರು. ಮನೆತನವೇ ಕುತೂಹಲದ್ದು.)

ನಂತರದ ದಶಕಗಳಲ್ಲಿ ಕೋಟಾಗಳು ಹೋದವು, ಸ್ಕಾಲರ್‌ಷಿಪ್‌ಗಳು ಬಂದವು, ದೊಡ್ಡ ಕಾಲೇಜುಗಳು ದೇಶದ ಮೂಲೆಮೂಲೆಯಿಂದ ಹುಡುಕಿ ಸೇರಿಸಿಕೊಳ್ಳತೊಡಗಿದವು. ಬ್ರೂಕ್ಲಿನ್ ಕಾಲೇಜಿಗೆ ಮತ್ತೆ ಗೆಲ್ಲಲಾಗಲಿಲ್ಲ. ಅದರ ಗಣಿತ ವಿಭಾಗ ರಾತ್ರೋರಾತ್ರಿ ಕೆಟ್ಟುಹೋಯಿತಾ? ಖಂಡಿತ ಇಲ್ಲ. ಬ್ರೂಕ್ಲಿನ್ನಿನ ಬೀದಿಗಳಲ್ಲಿ ಜಾಣ ಮಕ್ಕಳು ಹುಟ್ಟೋದು ನಿಂತಿತಾ? ಅದೂ ಇಲ್ಲ. ಅವರು ಈಗ ಬೇರೆ ಗೇಟಿನೊಳಗೆ ಹೋಗುತ್ತಿದ್ದಾರೆ. ಒಂದು ರೀತಿಯಲ್ಲಿ ನೋಡಿದರೆ ಇವತ್ತಿನ ಏಕಸ್ವಾಮ್ಯ ಒಂದು ಅನ್ಯಾಯ ಸರಿಹೋಗಿದ್ದರ ಅಡ್ಡಪರಿಣಾಮ. ಈ ಮಾತು ಕೆಲವರಿಗೆ ಕಹಿಯಾಗಬಹುದು, ಆದರೆ ನನಗೆ ಹಾಗೇ ಕಾಣುತ್ತೆ.

ಗೇಟಿನ ಶಕ್ತಿ ಎಷ್ಟು ಅಂತ ತಿಳಿದ ಕೆಲವು ಕಾಲೇಜುಗಳು ಅದನ್ನೇ ಉಪಯೋಗಿಸಿ ಮೇಲೆ ಬಂದಿವೆ. 1985ರಿಂದ 1992ರವರೆಗೆ ಹಾರ್ವರ್ಡ್ ಸತತ ಎಂಟು ವರ್ಷ ಗೆದ್ದಿತ್ತು. ಎಂಐಟಿಯ ಈಗಿನ ಓಟಕ್ಕಿಂತ ಉದ್ದ ಅದು. 1993ರಲ್ಲಿ ಅದನ್ನು ಮುರಿದಿದ್ದು ಡ್ಯೂಕ್. ಆಮೇಲೆ 1996, 2000ದಲ್ಲೂ ಡ್ಯೂಕ್ ಗೆದ್ದಿತು. 2016ರಲ್ಲಿ ಕಾರ್ನೆಗಿ ಮೆಲನ್ ಮೊದಲ ಸಲ ಗೆದ್ದಾಗ ಅಲ್ಲಿ ಮಕ್ಕಳನ್ನು ತಯಾರು ಮಾಡುತ್ತಿದ್ದವರು ಪೋ-ಶೆನ್ ಲೋ, ಆಗ ಅಮೆರಿಕದ ಒಲಿಂಪಿಯಾಡ್ ತಂಡದ ಕೋಚ್ ಕೂಡ ಅವರೇ ಆಗಿದ್ದರು. ಒಲಿಂಪಿಯಾಡ್ ಮಕ್ಕಳ ಮೆಚ್ಚಿನ ಮೇಷ್ಟ್ರು ಇರುವ ಕಾಲೇಜಿಗೆ ಒಲಿಂಪಿಯಾಡ್ ಮಕ್ಕಳು ಬರೋದು ಸಹಜ. ಕೆನಡಾದ ವಾಟರ್‌ಲೂ 1974, 1999ರಲ್ಲಿ ಗೆದ್ದಿದೆ. ದೇಶದ ಹೈಸ್ಕೂಲುಗಳಿಗೆಲ್ಲ ಗಣಿತ ಸ್ಪರ್ಧೆ ನಡೆಸೋದೇ ಆ ವಿಶ್ವವಿದ್ಯಾಲಯ, ಹಾಗಾಗಿ ಒಳ್ಳೆಯವರ ಕಣ್ಣಿಗೆ ಮೊದಲು ಬೀಳೋದೂ ಅದೇ.

ಇದಕ್ಕೆಲ್ಲ ಮೇಲೊಂದು ನಿಯಮದ ಬದಲಾವಣೆ ಸೇರಿಕೊಂಡಿತು. ನಮ್ಮಂಥ ಸಾಫ್ಟ್‌ವೇರಿನವರಿಗೆ ಇದು ಬಹಳ ರುಚಿಸುವ ಭಾಗ, ಒಂದು ಸಾಲು ಕೋಡ್ ಬದಲಿಸಿದರೆ ಇಡೀ ಸಿಸ್ಟಂ ಹೇಗೆ ಬೇರೆ ಥರ ನಡೆಯುತ್ತೆ ಅನ್ನೋದಕ್ಕೆ. 2018ರವರೆಗೆ ಕಾಲೇಜುಗಳು ಪರೀಕ್ಷೆಗೆ ಮೊದಲೇ ಮೂರು ಜನರ ಹೆಸರು ಕೊಡಬೇಕಿತ್ತು. ಆ ಮೂವರ ರ‍್ಯಾಂಕ್ ಕೂಡಿಸಿದಾಗ ಯಾರ ಮೊತ್ತ ಕಡಿಮೆಯೋ ಅವರು ಗೆದ್ದ ಹಾಗೆ. ಒಂದು ಕಾಲೇಜಿನವರು 2, 5, 300 ಬಂದರೆ ಮೊತ್ತ 307. ಇನ್ನೊಂದು ಕಾಲೇಜಿನ ಮೂವರು 40, 50, 60 ಬಂದರೆ ಮೊತ್ತ 150, ಗೆಲುವು ಅವರದ್ದು. ಒಬ್ಬನಿಗೆ ಬೆಳಿಗ್ಗೆ ತಲೆನೋವು ಬಂದರೆ ಸಾಕು, ದೊಡ್ಡ ಕಾಲೇಜು ಮಕಾಡೆ. ನೂರು ಜನ ಪ್ರಚಂಡರಿದ್ದರೂ ಲೆಕ್ಕಕ್ಕೆ ಬರೋದು ಮೊದಲೇ ಬರೆದುಕೊಟ್ಟ ಮೂರೇ ಹೆಸರು, ಆರಿಸುವಾಗ ಎಡವಿದರೆ ಮುಗೀತು.

2019ರಿಂದ ಹೆಸರು ಕೊಡೋ ಹಾಗಿಲ್ಲ. ಪರೀಕ್ಷೆ ಮುಗಿದು ಅಂಕ ಬಂದ ಮೇಲೆ ಆ ಕಾಲೇಜಿನ ಮೇಲಿನ ಮೂವರೇ ತಂಡ. ಪಂದ್ಯ ಮುಗಿದ ಮೇಲೆ ಯಾರು ಚೆನ್ನಾಗಿ ಆಡಿದರು ಅಂತ ನೋಡಿ ಹನ್ನೊಂದು ಜನರನ್ನು ಆರಿಸಿದ ಹಾಗೆ! ಮೂರೇ ಜನ ಬರೆಯುವ ಸಣ್ಣ ಕಾಲೇಜಿಗೆ ಇದರಿಂದ ಏನೂ ಸಿಗಲಿಲ್ಲ. ದೊಡ್ಡ ಪಡೆ ಇರುವವರಿಗೆ ಯಾರು ಎಡವಿದರೂ ಇನ್ನಾರೋ ಮೂವರು ಇದ್ದೇ ಇರುತ್ತಾರೆ. ಬದಲಾವಣೆಯಾದ ವರ್ಷದಿಂದ ತಂಡದ ಬಹುಮಾನ ಎಂಐಟಿ ಬಿಟ್ಟು ಬೇರೆಯವರಿಗೆ ಹೋಗಲಿಲ್ಲ ಅನ್ನೋದರಲ್ಲಿ ಇದರ ಪಾಲೂ ಇದೆ ಅಂತ ನನ್ನ ಲೆಕ್ಕಾಚಾರ. ಫೆಲೋಗಳು ಐದಕ್ಕೆ ಐದೂ ಅವರೇ ಆಗಿದ್ದಕ್ಕೆ ಮಾತ್ರ ಈ ನಿಯಮ ಕಾರಣ ಅಲ್ಲ, ಅದು ಬರೀ ಅಂಕದ ಮಾತು. ವಿದ್ಯಾರ್ಥಿಯ ಕಡೆಯಿಂದ ನೋಡಿದರೆ ಹೊಸ ನಿಯಮವೇ ವಾಸಿ. ಯಾರೋ ಪ್ರೊಫೆಸರ್ ಮೊದಲೇ ‘ನೀನು ತಂಡದಲ್ಲಿಲ್ಲ’ ಅಂತ ಹೇಳಿಬಿಟ್ಟ ಹುಡುಗಿ ಎಷ್ಟು ಚೆನ್ನಾಗಿ ಬರೆದರೂ ತಂಡಕ್ಕೆ ಲೆಕ್ಕವಿಲ್ಲ ಅನ್ನೋದು ಯಾವ ನ್ಯಾಯ?

ಹುಡುಗಿಯರ ಮಾತು ಬಂತು ಅಂತ ಹೇಳುತ್ತೇನೆ. 1938ರಲ್ಲಿ ಶುರುವಾದ ಸ್ಪರ್ಧೆಯಲ್ಲಿ ಮೊದಲ ಮಹಿಳಾ ಫೆಲೋ ಬಂದಿದ್ದು 1996ರಲ್ಲಿ, ಇಯೋನಾ ದುಮಿತ್ರಿಯು. ಓದುತ್ತಿದ್ದದ್ದು ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ. ಆಮೇಲೆ 2002ರಲ್ಲಿ ಡ್ಯೂಕ್‌ನ ಮೆಲನಿ ವುಡ್. ಏಣಿಯ ಕೆಳಗಿನ ಮೆಟ್ಟಿಲಲ್ಲೇ ಎಷ್ಟು ಜನ ಉದುರಿಹೋಗುತ್ತಾರೆ ಅನ್ನೋದಕ್ಕೆ ಇಷ್ಟು ಸಾಕು.

ನಮ್ಮ ಕೆಲಸದ ವಿಷಯಕ್ಕೆ ಬರ್ತೀನಿ. ಫ್ರೆಶರ್‌ಗಳನ್ನು ತಗೊಳ್ಳುವಾಗ ಕಾಲೇಜಿನ ಹೆಸರಿನ ಮೇಲೆ ಫಿಲ್ಟರ್ ಹಾಕಿದ ಪಟ್ಟಿ ನಮ್ಮ ಕೈಗೆ ಬರುತ್ತೆ. ‘ಟಯರ್ ಒನ್’ ಮೊದಲು, ಉಳಿದವರು ಸಮಯ ಇದ್ದರೆ. ಸ್ಟೇಸಿ ಡೇಲ್, ಅಲನ್ ಕ್ರೂಗರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತೆ. ದೊಡ್ಡ ಕಾಲೇಜಿಗೆ ಸೀಟು ಸಿಕ್ಕಿದ್ದೂ ಸಾಧಾರಣ ಕಾಲೇಜಿಗೆ ಹೋದ ಅಮೆರಿಕದ ವಿದ್ಯಾರ್ಥಿಗಳ ಮುಂದಿನ ಸಂಬಳ, ದೊಡ್ಡ ಕಾಲೇಜಿಗೇ ಹೋದವರ ಸಂಬಳಕ್ಕೆ ಹೆಚ್ಚುಕಮ್ಮಿ ಸಮ ಇತ್ತು. ಅಂದರೆ ಸಂಬಳಕ್ಕೆ ಕಾರಣವಾದ ಗುಣ ಗೇಟಿಗೆ ಬರುವ ಮೊದಲೇ ಅವರಲ್ಲಿತ್ತು. ಆದರೆ ಬಡ ಮನೆಗಳಿಂದ ಬಂದವರಿಗೆ ಲೆಕ್ಕ ಬೇರೆ, ಅವರಿಗೆ ದೊಡ್ಡ ಕಾಲೇಜಿಗೆ ಹೋಗಿದ್ದರಿಂದ ನಿಜವಾಗಿ ಲಾಭ ಆಗಿತ್ತು. ಮನೆಯಲ್ಲಿ ಇಲ್ಲದ ಕಾರಿಡಾರ್ ಅವರಿಗೆ ಅಲ್ಲಿ ಸಿಕ್ಕಿರಬೇಕು.

ಹಾಗಾಗಿ ಫಿಲ್ಟರ್ ಹಾಕುವಾಗ ನಾವು ಅಳೆಯುತ್ತಿರೋದು ಆ ಹುಡುಗ ಹದಿನೇಳನೇ ವಯಸ್ಸಿನಲ್ಲಿ ಎಲ್ಲಿದ್ದ ಅನ್ನೋದನ್ನ. ಜೆಇಇ, ಸಿಇಟಿ ಬರೆದು ಐದು ವರ್ಷ ಆದಮೇಲೆ ಅದೇ ಅಂಕವನ್ನು ಬೇರೆ ಹೆಸರಿನಲ್ಲಿ ಮತ್ತೊಮ್ಮೆ ಎಣಿಸುತ್ತಿದ್ದೇವೆ. ಕಾಲೇಜಿನ ಹೆಸರಿಲ್ಲದ ರೆಸ್ಯೂಮೆ ಓದೋದು ಕಷ್ಟದ ಕೆಲಸ, ಹತ್ತು ನಿಮಿಷ ಜಾಸ್ತಿ ಹಿಡಿಯುತ್ತೆ. ನಮ್ಮ ಟೀಮಿಗೆ ಜನ ತಗೊಳ್ಳುವಾಗ ನಾನು ಆ ಕಾಲಂ ಮುಚ್ಚಿಯೇ ಓದೋದು. ಎಚ್‌ಆರ್ ಹುಡುಗಿಗೆ ಸ್ವಲ್ಪ ಕಿರಿಕಿರಿ, ಆದರೆ ಈಗ ಅಭ್ಯಾಸ ಆಗಿದೆ.

ಒಂದು ಒಳ್ಳೆ ಸುದ್ದಿ ಏನಂದ್ರೆ, ಪುಟ್ನಮ್ ಪ್ರಶ್ನೆಗಳು ಯಾರ ಸ್ವತ್ತೂ ಅಲ್ಲದ ಹಾಗೆ ಈಗ ಫೋನಿನಲ್ಲೇ ಸಿಗುತ್ತವೆ. ಕಿರಣ್ ಕೆದ್ಲಾಯ ಅನ್ನೋ ಗಣಿತಜ್ಞರು, ಅಡ್ಡಹೆಸರು ಕೇಳಿದ ಕೂಡಲೇ ನಮ್ಮ ಕರಾವಳಿಯವರ ಕಿವಿ ನಿಮಿರುತ್ತೆ, ಹಾರ್ವರ್ಡಿನಲ್ಲಿ ಓದುವಾಗ ಮೂರು ಸಲ ಫೆಲೋ ಆಗಿದ್ದವರು. ಅವರು ಹಲವು ವರ್ಷಗಳ ಪ್ರಶ್ನೆಗಳನ್ನೂ ಪರಿಹಾರಗಳನ್ನೂ ಒಂದೆಡೆ ಸೇರಿಸಿ ಇಟ್ಟಿದ್ದಾರೆ, ಪುಕ್ಕಟೆ. ಮೆಟ್ರೋದಲ್ಲಿ ರೀಲ್ಸ್ ನೋಡಿ ಬೇಜಾರಾದಾಗ ತೆಗೆದು ನೋಡಿ.

ಬಿಡಿಸೋಕೆ ಒಂದು ಇಲ್ಲೇ ಕೊಡ್ತೀನಿ, 2004ರ ಪತ್ರಿಕೆಯ ಮೊದಲನೇ ಪ್ರಶ್ನೆ. ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯೊಬ್ಬಳು ಫ್ರೀ ಥ್ರೋ ಹಾಕ್ತಾ ಹೋಗ್ತಾಳೆ. ಸೀಸನ್ನಿನ ಶುರುವಿನಲ್ಲಿ ಒಂದು ಹೊತ್ತು ಅವಳ ಯಶಸ್ಸು ಒಟ್ಟು ಪ್ರಯತ್ನದ ಶೇ. 80ಕ್ಕಿಂತ ಕಡಿಮೆ ಇತ್ತು. ಸೀಸನ್ ಮುಗಿಯುವ ಹೊತ್ತಿಗೆ ಶೇ. 80ಕ್ಕಿಂತ ಹೆಚ್ಚಾಗಿತ್ತು. ನಡುವೆ ಯಾವುದಾದರೂ ಒಂದು ಕ್ಷಣದಲ್ಲಿ ಅದು ಸರಿಯಾಗಿ ಶೇ. 80 ಆಗಿಯೇ ಇರಬೇಕಾ? ಅಥವಾ ಜಿಗಿದು ದಾಟಿಬಿಡಬಹುದಾ? ಒಂದು ಸುಳಿವು: 80ರ ಬದಲು 70 ಅಂದಿದ್ದರೆ ಜಿಗಿಯಬಹುದಿತ್ತು. ಮೂರಕ್ಕೆ ಎರಡು ಹಾಕಿದವಳು ಮುಂದಿನದ್ದೂ ಹಾಕಿದರೆ ನಾಲ್ಕಕ್ಕೆ ಮೂರು, 66ರ ಆಸುಪಾಸಿನಿಂದ ನೇರ 75ಕ್ಕೆ. 80ರಲ್ಲಿ ಅಂಥದ್ದೇನಿದೆ? ಕಾಮೆಂಟಿನಲ್ಲಿ ಬರೀರಿ, ಉತ್ತರ ಮುಂದಿನ ವಾರ.